ಅರ್ಧ ಟಿಕೆಟ್ಟಿನ ಹೆಂಗಸರು

ನಮ್ಮೂರಿನ ಟಾಕೀಸಿಗೆ ಸ್ಪ್ಯಾನಿಷ್ ಸಿನಿಮಾ ಬಿಟ್ಟು ಬೇರೆ ಯಾವುದೂ ಬರುವುದಿಲ್ಲ. ಯಾಕೆ ಅಂತ ಕೇಳಬೇಡಿ, ನನಗೆ ಬುದ್ಧಿ ಬಂದಾಗಿನಿಂದ ಹಾಗೇ. ಶುಕ್ರವಾರ ಸಂಜೆ ನಾಲ್ಕಕ್ಕೆ ಒಂದೇ ಒಂದು ಆಟ. ಪರದೆಯ ಎಡಗಡೆ ಒಂದು ಎತ್ತರದ ಸ್ಟೂಲು, ಅದರ ಮೇಲೆ ನಾನು. ಅವರು ಅಲ್ಲಿ ಆಡಿದ್ದನ್ನೆಲ್ಲ ನಾನು ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ. ಗಂಡಸು ಗದರಿದರೂ ನನ್ನದೇ ದನಿ, ಹೆಂಗಸು ಅತ್ತರೂ ನನ್ನದೇ ದನಿ. ಮೈಕು ಕೊಡುತ್ತೇವೆ ಅಂದಿದ್ದರು, ಬೇಡ ಅಂದೆ. ನನ್ನ ಗಂಟಲಿಗೆ ಮೈಕು ಅವಮಾನ. ಹನ್ನೊಂದು ವರ್ಷ ಸರಕಿನ ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದವನು ನಾನು. ನನ್ನ ಮೇಲಿದ್ದ ಅಡುಗೆಯವನು ಪೆರು ದೇಶದ ಮುಂಗೋಪಿ. ಅವನ ಬೈಗುಳದಿಂದ ಶುರುಮಾಡಿ ಆ ಭಾಷೆಯನ್ನೆಲ್ಲ ಆಲೂಗಡ್ಡೆ ಸುಲಿಯುತ್ತಾ ಕಲಿತೆ. ಹೆಸರು ಕೊಟ್ರೇಶಿ. ಊರವರು 'ಹೇಳೋ ಕೊಟ್ರೇಶಿ' ಅನ್ನುತ್ತಾರೆ, ಆ ಹೆಸರಿನ ಬಗ್ಗೆ ನನಗೆ ಸ್ವಲ್ಪ ಜಂಬವೂ ಇದೆ.

ಆ ಸಿನಿಮಾಗಳಲ್ಲಿ ಹಾಡು ಕಡಿಮೆ, ಬಾಡಿಗೆ ಮನೆಯ ಚಿಂತೆ ಜಾಸ್ತಿ. ಕೆಲಸ ಹೋದವರು, ಗಡಿ ದಾಟಿ ಬಂದವರು, ಕಾಣೆಯಾದ ಮಕ್ಕಳ ಫೋಟೊ ಹಿಡಿದು ಕಚೇರಿ ಅಲೆಯುವ ತಾಯಂದಿರು, ಬೇರೆಯವರ ಮನೆಯಲ್ಲಿ ಪಾತ್ರೆ ತಿಕ್ಕಿ ತಮ್ಮ ಮನೆಗೆ ತಡವಾಗಿ ಹೋಗುವವರು. ಒಂದೊಂದು ಸಿನಿಮಾ ನಡುವೆ ನಿಲ್ಲುತ್ತದೆ. ನಿಂತರೆ ಫೋಟೊ ಥರ ಅಲ್ಲ. ಪರದೆಯ ಮೇಲಿನವರು ಉಸಿರಾಡುತ್ತಾರೆ, ಕಣ್ಣು ಮಿಟುಕಿಸುತ್ತಾರೆ, ಕಾಲು ಸೋತರೆ ಬದಲಾಯಿಸಿ ನಿಲ್ಲುತ್ತಾರೆ. ಮುಂದಕ್ಕೆ ಮಾತ್ರ ಹೋಗುವುದಿಲ್ಲ. ನಮ್ಮೂರಿನಲ್ಲಿ ಸರಿಯಾಗಬೇಕಾದದ್ದು ಏನೋ ಒಂದು ಸರಿಯಾಗುವವರೆಗೆ ಕಾಯುತ್ತಾರೆ. ಟಾಕೀಸಿನ ಮಾಲೀಕ ಮೈಲಾರಪ್ಪ ಹೊರಗಿನ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ 'ನಿಂತಿದೆ' ಎಂದು ಬರೆದು ಬಾಗಿಲು ತೆರೆದಿಟ್ಟಿರುತ್ತಾನೆ. ಜನ ಸಂತೆಗೆ ಹೋಗುವಾಗ ಬರುವಾಗ ಇಣುಕಿ ನೋಡುತ್ತಾರೆ, ಅವರೆಕಾಯಿ ತಂದು ಕುರ್ಚಿಯಲ್ಲಿ ಕೂತು ಸುಲಿಯುತ್ತಾರೆ, ತಮ್ಮತಮ್ಮಲ್ಲೇ ಚರ್ಚೆ ಮಾಡುತ್ತಾರೆ.

ಒಮ್ಮೆ ಪರದೆಯ ಮೇಲೆ, ಬ್ಯಾಂಕಿನವರು ಮನೆ ಖಾಲಿ ಮಾಡಿಸಿದ ತಾಯಿಯೊಬ್ಬಳು ಹಾಸಿಗೆ ಹೊತ್ತು ಬೀದಿಯಲ್ಲಿ ನಿಂತಳು. ಮೂರು ವಾರ ನಿಂತಳು. ಕೊನೆಗೆ ನಮ್ಮ ನೀರಿನ ಟ್ಯಾಂಕಿನ ಕಾವಲುಗಾರನ ಸಂಸಾರವನ್ನು ಹೊರಗೆ ಹಾಕಿ ಬೀಗ ಜಡಿದಿದ್ದ ಕೋಣೆಯನ್ನು ತೆಗೆಸಿ ಅವರನ್ನು ಮತ್ತೆ ಒಳಗೆ ಸೇರಿಸಿದ ಮೇಲೆ ಆಕೆ ಹಾಸಿಗೆ ಇಳಿಸಿ ಬೆನ್ನು ನೆಟ್ಟಗೆ ಮಾಡಿಕೊಂಡಳು. ಇನ್ನೊಮ್ಮೆ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುತ್ತಿದ್ದವಳೊಬ್ಬಳು ಕಚೇರಿಯ ಬೆಂಚಿನ ಮೇಲೆ ಕೂತಿದ್ದಳು. ಗುಮಾಸ್ತ ಅವಳ ಹಳೆಯ ಹೆಸರನ್ನೇ ಕೂಗುತ್ತಿದ್ದ. ನಮ್ಮೂರಿನಲ್ಲೂ ಅವಳ ಹಾಗೇ ಬದುಕುವ ಚಂದ್ರಕಲಾಳನ್ನು ರೇಷನ್ ಅಂಗಡಿಯವನು ಚಂದ್ರಕಲಾ ಅಂತಲೇ ಕರೆಯಲು ಕಲಿತ ದಿನ ಪರದೆಯವಳು ಎದ್ದು ಕೌಂಟರಿಗೆ ನಡೆದಳು. ಹೀಗೆ ನಮ್ಮೂರು ಸ್ವಲ್ಪ ಸ್ವಲ್ಪವೇ ನೆಟ್ಟಗಾಗುತ್ತಾ ಬಂದಿದೆ. ಯಾರಿಗೂ ಇದರಿಂದ ಬೇಜಾರಿಲ್ಲ, ಸಿನಿಮಾದ ಕೊನೆ ನೋಡಬೇಕೆಂಬ ಆಸೆ ಎಂಥವನನ್ನೂ ಬಗ್ಗಿಸುತ್ತದೆ.

ಆದರೆ ಕೊನೆ ನೋಡದವರೂ ಇದ್ದರು. ನಮ್ಮ ಟಾಕೀಸಿನಲ್ಲಿ ಅರ್ಧ ಟಿಕೆಟ್ ಅಂತ ಒಂದಿತ್ತು. ಮಕ್ಕಳಿಗಲ್ಲ, ಅಡುಗೆ ಮಾಡುವ ಹೆಂಗಸರಿಗೆ. ಇಂಟರ್ವಲ್ಲಿಗೆ ಲೈಟು ಹಾಕಿದ ಕೂಡಲೇ ಹಿಂದಿನ ಮೂರು ಸಾಲಿನ ಹೆಂಗಸರು ಸೆರಗು ಕೊಡವಿ ಎದ್ದು ಮನೆಗೆ ಹೋಗಿ ಒಲೆ ಹಚ್ಚುತ್ತಿದ್ದರು. ಆಟ ಮುಗಿಸಿ ಬಂದವರಿಗೆ ಬಿಸಿ ರೊಟ್ಟಿ ಆಗಬೇಕಲ್ಲ. ಬಡಿಸುವಾಗ ಮನೆಯವರು ಉಳಿದರ್ಧ ಕತೆ ಹೇಳಬೇಕು ಎಂಬುದು ಪದ್ಧತಿ. ಬಾಯಲ್ಲಿ ತುತ್ತು ಇಟ್ಟುಕೊಂಡು ಎಷ್ಟು ಹೇಳಿಯಾರು? 'ಅವನು ಸತ್ತ, ಅವಳು ಊರು ಬಿಟ್ಟಳು, ಇನ್ನೊಂದು ಚೂರು ಪಲ್ಯ ಹಾಕು' ಅನ್ನುವಷ್ಟರಲ್ಲಿ ಎರಡನೇ ಅರ್ಧ ಮುಗಿದಿರುತ್ತಿತ್ತು.

ನನ್ನ ಅಕ್ಕ ಹಾಲಮ್ಮನದೂ ಅರ್ಧ ಟಿಕೆಟ್ಟೇ. ನನಗಿಂತ ಆರು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದಳು, ನಾನು ಮದುವೆಯಾಗಲಿಲ್ಲ, ಇಬ್ಬರೇ ಇದ್ದೇವೆ. ಅವಳ ಕೈರುಚಿಗೆ ಊರಲ್ಲಿ ಹೆಸರಿದೆ. ಹಡಗಿನಲ್ಲಿ ನಲವತ್ತು ಜನಕ್ಕೆ ಬೇಯಿಸಿ ಹಾಕಿದ್ದ ನಾನು ಮನೆಗೆ ಬಂದ ಮೇಲೆ ಸೌಟು ಮುಟ್ಟಿದವನಲ್ಲ. ಬೇರೆ ಮನೆಯ ಹೆಂಗಸರಿಗೆ ಹೋಲಿಸಿದರೆ ಹಾಲಮ್ಮ ಪುಣ್ಯವಂತೆ ಅಂತ ಎಲ್ಲರೂ ಅನ್ನುತ್ತಿದ್ದರು, ಉಳಿದರ್ಧವನ್ನು ಹೇಳೋ ಕೊಟ್ರೇಶಿಯ ಬಾಯಿಂದಲೇ ಕೇಳುವವಳು ಅಂತ. ನಾನೂ ಹೌದು ಹೌದು ಅಂತ ತಲೆಯಾಡಿಸುತ್ತಿದ್ದೆ.

ಈಗ ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಹದಿಮೂರು ವರ್ಷದ ಹಿಂದೆ ಬೆನಿಲ್ದಾ ಎಂಬ ಹೆಂಗಸಿನ ಸಿನಿಮಾ ಬಂದಿತ್ತು. ಗಂಡ ಸತ್ತವಳು, ತಮ್ಮನ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದವಳು. ಇಂಟರ್ವಲ್ ಹೊತ್ತಿಗೆ ಒಂದು ಟ್ರಂಕು ಎತ್ತಿಕೊಂಡು, ಗಣಿ ಕೆಲಸಗಾರರಿಗೆ ಊಟದ ಅಂಗಡಿ ಇಡುತ್ತೇನೆಂದು ಹೊರಟಳು. ಅದೇ ವಾರ ನಮ್ಮ ಬಸ್ ಡಿಪೋದ ಡ್ರೈವರು ಕಂಡಕ್ಟರುಗಳು ಮನೆಗೆ ಬಂದು, ಡಿಪೋ ಪಕ್ಕದ ಕೋಣೆ ಖಾಲಿ ಇದೆ, ಹಾಲಮ್ಮನೋರು ಅಲ್ಲಿ ಖಾನಾವಳಿ ಮಾಡಿದರೆ ನಾವೆಲ್ಲ ಅಲ್ಲೇ ಉಣ್ಣುತ್ತೇವೆ ಅಂತ ಕೇಳಿ ಹೋಗಿದ್ದರು. ಅಕ್ಕ ಇನ್ನೂ ಏನೂ ಹೇಳಿರಲಿಲ್ಲ. ಸಿನಿಮಾ ನೋಡಿದ ರಾತ್ರಿ ಊಟಕ್ಕೆ ಬಡಿಸುತ್ತಾ, 'ಆ ಹೆಣ್ಮಗಳು ಏನಾದ್ಲು' ಅಂತ ಕೇಳಿದಳು. ಮುಖದಲ್ಲಿ ಒಂದು ಕಳೆ ಬಂದಿತ್ತು. ನನಗೆ ತಟ್ಟೆಯಲ್ಲಿದ್ದ ರೊಟ್ಟಿಯ ಚಿಂತೆಯಾಯಿತು. ಅಂಗಡಿ ನಡೆಯಲಿಲ್ಲ ಅಕ್ಕ, ಸೋತು ಸುಣ್ಣವಾಗಿ ವಾಪಸ್ ಬಂದಳು, ತಮ್ಮ ಅಪ್ಪಿಕೊಂಡ, ಅಲ್ಲಿಗೆ ಶುಭಂ ಅಂದೆ. ಅವಳು ಇನ್ನೊಂದು ರೊಟ್ಟಿ ಹಾಕಿದಳು. ಬೆಳಿಗ್ಗೆ ಡಿಪೋಗೆ ಹೋಗಿ ಆಗಲ್ಲ ಅಂತ ಹೇಳಿ ಬಂದಳು.

ನಿಜವಾಗಿ ಬೆನಿಲ್ದಾಳ ಅಂಗಡಿ ಚೆನ್ನಾಗಿ ನಡೆದಿತ್ತು. ಒಂದು ಸುಳ್ಳು ಹೇಳಿದ ಮೇಲೆ ಮಿಕ್ಕವು ತಾವೇ ಬಂದವು. ಅಂದಿನಿಂದ ನಮ್ಮ ಮನೆಯಲ್ಲಿ ಪ್ರತಿ ಸಿನಿಮಾದಲ್ಲೂ ಹೊರಟವರೆಲ್ಲ ವಾಪಸ್ ಬಂದರು, ಮುಷ್ಕರ ಹೂಡಿದವರೆಲ್ಲ ರಾಜಿಯಾದರು, ಜಗಳವಾಡಿದ ಹೆಂಡತಿಯರೆಲ್ಲ ಗಂಡನ ಶರ್ಟಿಗೆ ಗುಂಡಿ ಹೊಲಿದರು. ಓಣಿಯಲ್ಲಿ ಬೇರೆ ಥರ ಕೇಳಿಬಂದರೂ ಹೇಳೋ ಕೊಟ್ರೇಶಿಯ ಮಾತೇ ನಿಜ ಅಂತ ಅಕ್ಕ ಕೇಳಿಕೊಂಡು ಹೂಂ ಅನ್ನುತ್ತಿದ್ದಳು. ನನಗೆ ನಾಚಿಕೆ ಇರಲಿಲ್ಲ ಅಂತಲ್ಲ, ಇತ್ತು. ಬಿಸಿ ರೊಟ್ಟಿಯ ಮುಂದೆ ಅದು ಬಹಳ ಹೊತ್ತು ನಿಲ್ಲುತ್ತಿರಲಿಲ್ಲ.

ಹೋದ ವರ್ಷ ಎಲ್ವಿರಾಳ ಸಿನಿಮಾ ಬಂತು. ಸಮುದ್ರದ ಹತ್ತಿರದ ದೊಡ್ಡ ಮನೆಯೊಂದರಲ್ಲಿ ಎಲ್ವಿರಾ ಮನೆಗೆಲಸದವಳು. ಕೆಟ್ಟ ಜನರಲ್ಲ ಆ ಮನೆಯವರು, ಪ್ರೀತಿಯಿಂದಲೇ ಇದ್ದರು. ಎರಡನೇ ಅರ್ಧದಲ್ಲಿ ಆ ಮನೆಯ ಅಜ್ಜನ ಹುಟ್ಟುಹಬ್ಬದ ಊಟ. ಅಜ್ಜ ತನ್ನ ಹುಡುಗಾಟದ ಕಾಲದ ಕತೆಯೊಂದನ್ನು ಹೇಳುತ್ತಿದ್ದ, ಎಲ್ಲರೂ ನಗುತ್ತಿದ್ದರು, ಎಲ್ವಿರಾಳೂ ಗೋಡೆಗೊರಗಿ ನಗುತ್ತಿದ್ದಳು. ಕತೆ ಇನ್ನೇನು ಕೊನೆಗೆ ಬಂತು ಅನ್ನುವಾಗ ಮನೆಯೊಡತಿ 'ಎಲ್ವಿರಾ, ಕಾಫಿ' ಅಂದಳು. ಎಲ್ವಿರಾ ಒಳಗೆ ಹೋಗಿ ಟ್ರೇ ತಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಮುಖ ಊಟದ ಮೇಜಿನ ಕಡೆಗಿತ್ತು. ಅಲ್ಲಿಗೆ ಸಿನಿಮಾ ನಿಂತಿತು.

ಊರು ಎಂದಿನಂತೆ ಕೆಲಸಕ್ಕೆ ಇಳಿಯಿತು. ಟ್ರೇ ಭಾರದ ವಿಷಯ ಇರಬೇಕು ಅಂತ ಕೆಲವರು ಮನೆಗೆಲಸದವರಿಗೆ ನೀರು ಹೊರುವುದನ್ನು ತಪ್ಪಿಸಿದರು. ಕಾಫಿಯ ವಿಷಯ ಅಂತ ಇನ್ನು ಕೆಲವರು ಅವರಿಗೆಂದೇ ಬೇರೆ ಇಟ್ಟಿದ್ದ ಲೋಟಗಳನ್ನು ಎಸೆದರು. ನಿಂತೇ ಇದ್ದಾಳಲ್ಲ, ಕೂರಿಸಬೇಕು ಅಂತ ಅಕ್ಕಿ ಗಿರಣಿಯವರ ಸೊಸೆ ತನ್ನ ಮನೆಯ ಮಾಬುಬಿಯನ್ನು ಇಡೀ ದಿನ ಸೋಫಾದ ಮೇಲೆ ಕೂರಿಸಿದಳು. ಮಾಬುಬಿ ನಮ್ಮ ಓಣಿಯವಳು, ಅಕ್ಕನ ಗೆಳತಿ. ಕೂತೂ ಕೂತೂ ಸೊಂಟ ಹಿಡಕಂತು, ಸಂಜೆ ಅದೇ ಕೆಲಸನೆಲ್ಲ ಓಡೋಡಿ ಮಾಡಬೇಕಾಯ್ತು ಅಂತ ನಮ್ಮ ಕಟ್ಟೆಯ ಮೇಲೆ ಕೂತು ನಕ್ಕಳು. ಎಲ್ಲ ಒಳ್ಳೆಯದೇ ಆಯಿತು, ಎಲ್ವಿರಾ ಮಾತ್ರ ಕದಲಲಿಲ್ಲ. ಒಂದು ಶುಕ್ರವಾರ ಹೋಯಿತು. ಬೋರ್ಡಿನ ಮೇಲೆ ಸೀಮೆಸುಣ್ಣ ಮಾಸಿತೆಂದು ಮೈಲಾರಪ್ಪ ಮತ್ತೊಮ್ಮೆ ತಿದ್ದಿ ಬರೆದ.

ನಾವು ಯಾರೂ ಯೋಚಿಸದಿದ್ದ ಸಂಗತಿ ಏನೆಂದರೆ, ಸಿನಿಮಾ ನಿಂತದ್ದು ಎರಡನೇ ಅರ್ಧದಲ್ಲಿ. ಚರ್ಚೆ ಮಾಡುತ್ತಿದ್ದವರೆಲ್ಲ ಪೂರ್ತಿ ಟಿಕೆಟ್ಟಿನವರು. ಬಾಗಿಲು ತೆರೆದಿದ್ದರೂ ತಮ್ಮ ಅರ್ಧ ಮುಗಿದ ಮೇಲೆ ಒಳಗೆ ಬರುವ ಪದ್ಧತಿ ಹಿಂದಿನ ಮೂರು ಸಾಲಿನವರಿಗೆ ಇರಲಿಲ್ಲ, ಎಲ್ವಿರಾ ನಿಂತದ್ದನ್ನು ಅವರು ನೋಡಿಯೇ ಇರಲಿಲ್ಲ. ಹತ್ತನೇ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅಕ್ಕ ಸುಮ್ಮನೆ ಕೇಳಿದಳು, ಅವಳು ನಿಂತದ್ದು ಹೇಗೆ, ಮುಖ ಯಾವ ಕಡೆ ಅಂತ. ಮೇಜಿನ ಕಡೆ ಅಂದೆ. ಅಜ್ಜನ ಕತೆ ಮುಗಿದಿತ್ತಾ ಅಂದಳು. ಇಲ್ಲ ಅಂದೆ.

'ಮತ್ತೆ ಕಾಫಿ ಟ್ರೇ ಮಾತೆಲ್ಲ ಯಾಕೆ ಆಡ್ತೀರಪ್ಪ,' ಅಂದಳು ಅಕ್ಕ. 'ಕತೆ ಏನಾಯ್ತು ಅಂತ ಕೇಳಕ್ಕೆ ನಿಂತ್ಕಂಡಾಳೆ ಆಕೆ.'

ಅವಳು ಅಷ್ಟು ಹೇಳಿ ಮಜ್ಜಿಗೆ ತರಲು ಹೋದಳು, ಮಾತಿನ ಉಳಿದ ಭಾಗ ಅವಳಿಗೆ ಹೊಳೆದಿರಲಿಲ್ಲ. ನನಗೆ ಹೊಳೆಯಿತು. ಸರಿಯಾಗಬೇಕಾದದ್ದು ಅರ್ಧ ಟಿಕೆಟ್ಟು. ಹೋಗಿ ಮೈಲಾರಪ್ಪನಿಗೆ ಒಂದು ಮಾತು ಹೇಳಿದ್ದರೆ ಅಂದೇ ಮುಗಿಯುತ್ತಿತ್ತು. ನಾನು ಹೋಗಲಿಲ್ಲ. ಅಕ್ಕ ಕೊನೆಯವರೆಗೆ ಕೂತಳು ಅಂದರೆ ಸಿನಿಮಾಗಳ ಕೊನೆ ಹೇಗಿರುತ್ತದೆ ಅಂತ ಅವಳಿಗೆ ಗೊತ್ತಾಗುತ್ತದೆ. ಎರಡು ನೋಡಿದರೆ ಸಾಕು, ಮೂರನೆಯದಕ್ಕೆ ಬೆನಿಲ್ದಾಳ ಬಗ್ಗೆ ಕೇಳುತ್ತಾಳೆ. ನಾನು ಹೆದರಿದೆ. ಊರಿಗೆ ಊರೇ ಕಾಯುತ್ತಿದ್ದಾಗ ಉತ್ತರ ಬಾಯಲ್ಲಿಟ್ಟುಕೊಂಡು ಒಂಬತ್ತು ದಿನ ಓಡಾಡಿದೆ. ಟಾಕೀಸಿನ ಮುಂದೆ ಹಾದುಹೋಗುವುದನ್ನೂ ಬಿಟ್ಟು ಹಿಂದಿನ ಓಣಿಯಿಂದ ಸುತ್ತು ಹಾಕುತ್ತಿದ್ದೆ.

ಹತ್ತೊಂಬತ್ತನೇ ದಿನ ಅಕ್ಕ ಸೀರೆ ಬದಲಾಯಿಸಿ ಹೊರಟಳು. ಮಾಬುಬಿ ಜೊತೆಗಿದ್ದಳು, ಹಿಂದೆ ಹತ್ತು ಹದಿನೈದು ಜನ ಹೆಂಗಸರು. ಎಲ್ಲಿಗೆ ಅಂದರೆ ಎಲ್ವಿರಾಳನ್ನು ನೋಡಿ ಬರುತ್ತೇವೆ ಅಂದಳು. ನಾನು ಚಪ್ಪಲಿ ಮೆಟ್ಟಿ ಹಿಂದೆಯೇ ಓಡಿದೆ. ಸಂಜೆ ಐದರ ಹೊತ್ತು. ಒಳಗೆ ಊರಿನ ಅರ್ಧ ಜನ ಕೂತಿದ್ದರು. ಬಾಗಿಲಲ್ಲಿ ಮೈಲಾರಪ್ಪ ಕೈ ಅಡ್ಡ ಹಿಡಿದು, ನಿಮ್ಮದು ಅರ್ಧ ಟಿಕೆಟ್ಟಲ್ಲವೇನಮ್ಮ, ನಿಮ್ಮರ್ಧ ಮುಗಿದು ಹೋಗಿದೆ ಅಂದ. ತಮಾಷೆಗೇ ಅಂದ, ಅವನು ಒಳ್ಳೆಯವನು.

'ಆ ಹೆಣ್ಮಗಳನ್ನ ಮಾತಾಡ್ಸಕ್ಕೆ ಬಂದೀವಿ ಮೈಲಾರಪ್ಪ. ದಾರಿ ಬಿಡು.'

ಅವನು ಕೈ ಇಳಿಸಿದ. ಹೆಂಗಸರು ನಡುವಿನ ದಾರಿಯಲ್ಲಿ ನಡೆದು ಪರದೆಯ ಹತ್ತಿರಕ್ಕೇ ಹೋದರು. ಎಲ್ವಿರಾ ಅದೇ ಬಾಗಿಲಲ್ಲಿ ಅದೇ ಟ್ರೇ ಹಿಡಿದು ನಿಂತಿದ್ದಳು, ಕಾಫಿಯಿಂದ ಹಬೆ ಬರುತ್ತಲೇ ಇತ್ತು. ಪಾಪ, ಕೈ ನೋಯ್ತಿರ್ಬೇಕು ಅಂದಳು ಮಾಬುಬಿ. ಅಕ್ಕ ಬಹಳ ಹೊತ್ತು ಎಲ್ವಿರಾಳ ಮುಖ ನೋಡಿದಳು. ಆಮೇಲೆ ತಿರುಗಿ, ದನಿ ಏರಿಸದೆ ಜನರಿಗೆ ಹೇಳಿದಳು. 'ಇಂಟರ್ವಲ್ಲಾಗೆ ಎದ್ದು ಹೋಗೋವಾಗ ನಾವೂ ಹಿಂಗೇ ಬಾಗಿಲಾಗೆ ಒಂದ್ಸಲ ತಿರುಗಿ ನೋಡ್ತೀವಿ. ನೀವು ಯಾರೂ ನೋಡಿಲ್ಲ, ನಿಮ್ಮ ಬೆನ್ನು ನಮ್ಮ ಕಡೆ ಇರ್ತೈತೆ.'

ಮೊದಲು ಎದ್ದವಳು ಅಕ್ಕಿ ಗಿರಣಿಯವರ ಸೊಸೆ, ಮಾಬುಬಿಯ ಕೈ ಹಿಡಿದು ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು. ಮೈಲಾರಪ್ಪ ಗಲ್ಲಾಪೆಟ್ಟಿಗೆಯಿಂದ ಅರ್ಧ ಟಿಕೆಟ್ಟಿನ ಪುಸ್ತಕ ತಂದು ಎಲ್ಲರೆದುರು ಹರಿದ. ಇವತ್ತು ಮನೆಯಲ್ಲಿ ಏನಿದೆಯೋ ಅದನ್ನೇ ತಿಂದರಾಯಿತು ಅಂತ ಗಂಡಸರು ಒಬ್ಬರಿಗೊಬ್ಬರು ಹೇಳಿಕೊಂಡರು, ಒಬ್ಬ ಅವಲಕ್ಕಿ ಕಲಸಲು ಬರುತ್ತದೆ ಅಂತ ಹೆಮ್ಮೆಯಿಂದ ಅಂದ. ಮೂರು ಸಾಲಿನ ಹೆಂಗಸರೂ ಕೂತರು. ಅಕ್ಕ ಮುಂದಿನ ಸಾಲಿನಲ್ಲಿ, ನನ್ನ ಸ್ಟೂಲಿನ ಎದುರಿಗೇ ಕೂತಳು. ಎಲ್ಲರೂ ಪರದೆ ನೋಡಿದರು.

ಎಲ್ವಿರಾ ಕಾಲು ಬದಲಿಸಿ ನಿಂತಳು, ಅಷ್ಟೇ. ಐದು ನಿಮಿಷವಾಯಿತು, ಹತ್ತಾಯಿತು. ಇದೂ ಅಲ್ಲವೇನೋ ಅಂತ ಜನ ಗುಸುಗುಸು ಶುರುಮಾಡಿದರು. ಇನ್ನು ಸ್ವಲ್ಪ ಹೊತ್ತು ಹೀಗೇ ಇದ್ದರೆ ಹೆಂಗಸರು ಎದ್ದು ಹೋಗುತ್ತಾರೆ, ಅರ್ಧ ಟಿಕೆಟ್ಟಿನ ಪುಸ್ತಕ ಮತ್ತೆ ಅಚ್ಚಾಗುತ್ತದೆ ಅನ್ನಿಸಿತು. ನಾನು ಪರದೆಯ ಮುಂದಿನ ಕಟ್ಟೆ ಹತ್ತಿ ಸ್ಟೂಲಿನ ಪಕ್ಕ ನಿಂತೆ, ಕೂರಲಿಲ್ಲ.

'ಅಕ್ಕ, ಬೆನಿಲ್ದಾ ವಾಪಸ್ ಬರಲಿಲ್ಲ,' ಅಂದೆ. ನನ್ನ ಹೆಸರಾಂತ ಗಂಟಲಿನಿಂದ ಅರ್ಧ ದನಿಯೂ ಹೊರಡಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. ಊರಿನ ಅರ್ಧ ಜನದ ಎದುರು ಎಲ್ಲ ಹೇಳಿದೆ. ಅವಳ ಅಂಗಡಿ ನಡೆಯಿತು, ಬಾಗಿಲ ಮೇಲೆ ತನ್ನ ಹೆಸರಿನ ಬೋರ್ಡು ಹಾಕಿದಳು, ಗಣಿಯವರು ಸಾಲುಗಟ್ಟಿ ಉಂಡರು. ಡಿಪೋದವರು ನಿನ್ನನ್ನು ಕರೆದಿದ್ದರು, ನೀನು ಹೋಗಿಬಿಡುತ್ತೀಯ ಅಂತ ನಾನು ಕೊನೆಯನ್ನು ತಿರುಚಿ ಹೇಳಿದೆ. ಆಮೇಲಿನವೂ ಎಲ್ಲ ತಿರುಚಿದವೇ. ಎಲ್ವಿರಾ ಯಾಕೆ ನಿಂತಿದ್ದಾಳೆ ಅಂತ ಒಂಬತ್ತು ದಿನದಿಂದ ಗೊತ್ತಿದ್ದೂ ಸುಮ್ಮನಿದ್ದೆ. ಇಷ್ಟು ಹೇಳಿ ತಲೆ ತಗ್ಗಿಸಿ ನಿಂತೆ. ಅಳು ಬಂತು, ಅತ್ತೆ.

ಹಿಂದೆ ಟ್ರೇ ಕೆಳಗಿಟ್ಟ ಸದ್ದಾಯಿತು. ತಿರುಗಿ ನೋಡಿದರೆ ಎಲ್ವಿರಾ ಟ್ರೇಯನ್ನು ನೆಲದ ಮೇಲೆ ಇಟ್ಟು, ಅಡುಗೆಮನೆಯಿಂದ ಒಂದು ಕುರ್ಚಿ ಎಳೆದುಕೊಂಡು ಬಂದು ಮೇಜಿನ ತುದಿಗೆ ಹಾಕಿ ಕೂತಳು. ಅಜ್ಜ ಬಾಯಿ ಒರೆಸಿಕೊಂಡು ಕತೆಯನ್ನು ಮೊದಲಿನಿಂದ ಶುರುಮಾಡಿದ. ನಾನು ಮೂಗು ಒರೆಸಿಕೊಂಡು ಸ್ಟೂಲು ಹತ್ತಿದೆ. ಅಂದು ಹೇಳಿದ ಹಾಗೆ ನಾನು ಎಂದೂ ಹೇಳಿಲ್ಲ. ಕೊನೆಯಲ್ಲಿ ಎಲ್ವಿರಾಳನ್ನು ಕೆಲಸದಿಂದ ಬಿಡಿಸುತ್ತಾರೆ, ಅವಳು ಒಂದು ಚೀಲ ಹಿಡಿದು ತನ್ನೂರಿನ ಬಸ್ಸು ಹತ್ತುತ್ತಾಳೆ. ಅಲ್ಲಿ ಒಂದು ಕ್ಷಣ ನಾಲಿಗೆ ಹಳೆಯ ಚಾಳಿಗೆ ತಿರುಗಿತು, ಮನೆಯೊಡತಿ ಓಡಿಬಂದು ತಡೆದಳು ಅನ್ನಬೇಕೆನ್ನಿಸಿತು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಿಂದಿನ ಸಾಲಿನ ಹೆಂಗಸರು ಕೆಲವರು ಕಣ್ಣೊರೆಸಿಕೊಂಡರು, ಆದರೂ ಹೊರಗೆ ಬರುವಾಗ ಎಲ್ಲರ ಮುಖದಲ್ಲೂ ಒಂದು ತೃಪ್ತಿ ಇತ್ತು.

ಮನೆಯ ದಾರಿಯಲ್ಲಿ ಅಕ್ಕ ಮುಂದೆ, ನಾನು ಹಿಂದೆ. ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ. ಬಾಗಿಲ ಹತ್ತಿರ ಬಂದ ಮೇಲೆ ಚಿಲಕದ ಮೇಲೆ ಕೈಯಿಟ್ಟು ನಿಂತಳು.

'ಹನ್ನೆರಡು ವರ್ಷ ಆ ಬೆನಿಲ್ದಾನ ಮ್ಯಾಲೆ ನಂಗೆ ಸಿಟ್ಟಿತ್ತು ಕೊಟ್ರೇಶಿ,' ಅಂದಳು. 'ಅಷ್ಟು ದೂರ ಹೋದೋಳು ವಾಪಸ್ ಯಾಕೆ ಬಂದ್ಲು, ಹೇಡಿ ಅಂತ. ಇನ್ನೊಬ್ರಾದ್ರೂ ಹೋಗಿ ತೋರ್ಸಿದ್ರೆ ನಾನೂ ಹೋಗ್ತಿದ್ನಲ್ಲ ಅಂತ.'

ಅವಳು ಒಳಗೆ ಹೋಗಿ ಕೈಕಾಲು ತೊಳೆದು ನಡುಮನೆಯಲ್ಲಿ ಕೂತಳು. ನಾನು ಅಡುಗೆಮನೆಗೆ ಹೋದೆ. ಇಷ್ಟು ವರ್ಷ ಉಂಡ ಮನೆಯಲ್ಲಿ ಸಾಸಿವೆ ಡಬ್ಬಿ ಯಾವುದು ಅಂತ ನನಗೆ ಗೊತ್ತಿರಲಿಲ್ಲ, ನಾಲ್ಕು ಡಬ್ಬಿ ತೆಗೆದು ನೋಡಬೇಕಾಯಿತು. ಉಪ್ಪಿಟ್ಟು ಮಾಡಿ ತಂದಿಟ್ಟೆ. ಉಪ್ಪು ಒಂಚೂರು ಮುಂದಾಗಿತ್ತು, ಅವಳು ಮೊಸರು ಕಲಸಿಕೊಂಡು ತಿಂದಳು. ತಿಂದಾದ ಮೇಲೆ, ಬೆನಿಲ್ದಾಳ ಸಿನಿಮಾದ ಎರಡನೇ ಅರ್ಧವನ್ನು ಮೊದಲಿನಿಂದ ಹೇಳು ಅಂದಳು. ಒಂದು ಮಾತೂ ಬಿಡದೆ ಹೇಳಿದೆ. ಕೊನೆಗೆ ಅವಳು ಕೇಳಿದ್ದು ಒಂದೇ, ಗಣಿಯವರಿಗೆ ಬೆಳಿಗ್ಗೆ ಏನು ಮಾಡಿ ಹಾಕುತ್ತಿದ್ದಳು ಅಂತ. ಜೋಳದ ಹಿಟ್ಟಿನ ದಪ್ಪ ರೊಟ್ಟಿ, ಹುರುಳಿ ಥರದ ಕಾಳಿನ ಸಾರು ಅಂದೆ. ತಲೆಯಾಡಿಸಿ ಮಲಗಲು ಹೋದಳು.

ಬೆಳಿಗ್ಗೆ ನಾನು ಏಳುವಾಗ ಅಕ್ಕ ಇರಲಿಲ್ಲ. ಒಲೆ ತಣ್ಣಗಿತ್ತು. ಟ್ರಂಕು ಇದೆಯೋ ಇಲ್ಲವೋ ಅಂತ ಒಳಗೆ ಹೋಗಿ ನೋಡಿದೆ, ಇತ್ತು. ಚಹಾ ಮಾಡಿ ಕಟ್ಟೆಯ ಮೇಲೆ ಕೂತೆ. ಹೋದರೆ ಹೋಗಲಿ, ಹೋಗಬೇಕಾದವಳೇ, ತಡೆಯಬಾರದು ಅಂತ ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ. ಮನಸ್ಸು ಒಪ್ಪಿತು ಕೂಡ, ಅದು ನನಗೇ ಆಶ್ಚರ್ಯ. ಹನ್ನೊಂದರ ಸುಮಾರಿಗೆ ಓಣಿಯ ತುದಿಯಲ್ಲಿ ಬಂದಳು. ಜೊತೆಗೆ ಮಾಬುಬಿ. ಇಬ್ಬರೂ ದೊಡ್ಡದಾಗಿ ಮಾತಾಡಿಕೊಂಡು ಬರುತ್ತಿದ್ದರು.

ಡಿಪೋ ಪಕ್ಕದ ಆ ಕೋಣೆಯಲ್ಲಿ ಈಗ ಜೆರಾಕ್ಸ್ ಅಂಗಡಿ ಇದೆಯಂತೆ. ಅದರ ಹಿಂದೆ ಹಳೇ ಟೈರು ಹಾಕುತ್ತಿದ್ದ ಶೆಡ್ಡು ಖಾಲಿ ಇದೆ. ಡಿಪೋದ ಮ್ಯಾನೇಜರು ಈಗ ಬೇರೆಯವರು, ಅವರೂ ಖಾನಾವಳಿ ಬೇಕೇ ಬೇಕು ಅಂದರಂತೆ. ಮಾಬುಬಿ ಬಡಿಸಲು ಬರುತ್ತಾಳೆ, ಅಕ್ಕಿ ಗಿರಣಿಯವರ ಮನೆಯಲ್ಲಿ ಹೇಳಿಯೂ ಆಯಿತು. ಅಕ್ಕ ಇದನ್ನೆಲ್ಲ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಹೇಳಿದಳು. ಅರವತ್ತಮೂರು ವರ್ಷದ ಹೆಂಗಸು, ಬಿಸಿಲಲ್ಲಿ ನಡೆದು ಬಂದ ಮುಖ ಕೆಂಪಗೆ ಹೊಳೆಯುತ್ತಿತ್ತು. ಆಮೇಲೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

'ಈರುಳ್ಳಿ ಹೆಚ್ಚೋದು, ಹಿಟ್ಟು ನಾದೋದು ನಿಂದು. ಐದು ಗಂಟೆಗೆ ಏಳ್ಬೇಕು, ಹಡಗಿನಾಗೆ ಎದ್ದಂಗೆ.'

'ಸರಿ ಅಕ್ಕ.'

'ಶುಕ್ರವಾರ ಸಂಜೆ ಖಾನಾವಳಿ ಇರಲ್ಲ ಅಂತ ಡಿಪೋದಾಗೆ ಹೇಳಿ ಬಂದೀನಿ,' ಅಂದಳು. 'ಅವತ್ತು ನಂಗೆ ಸಿನಿಮಾ ಐತೆ.'